ಆಲ್ಕೋ ಎಂಜಿನ್, ಗೂಡ್ಸ್ ಗಾಡಿ ಮತ್ತು ನಮ್ಮ ಹಳಹಳಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರಿಗೆ ರೈಲಿನ ಹುಚ್ಚು ಹಿಡಿದರೆ ಉಳಿದವರು ಹೇಗೋ ಸಹಿಸಿಕೊಳ್ಳುತ್ತಾರೆ. ಆ ಹುಚ್ಚು ಹೊಸ ವಂದೇ ಭಾರತ್ ಮೇಲಲ್ಲ, ಹೊಗೆ ಕಾರುತ್ತ ಅದಿರು ಎಳೆಯುತ್ತಿದ್ದ ಹಳೆಯ ಡೀಸೆಲ್ ಎಂಜಿನ್ ಮೇಲೆ ಎಂದು ಗೊತ್ತಾದಾಗ ಮಾತ್ರ ಪ್ರಶ್ನೆಗಳು ಶುರುವಾಗುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ, ಕಚೇರಿಯ ಚಹಾದ ಹೊತ್ತಿನಲ್ಲಿ, ಬಿದ್ದ ರೈಲ್ವೆ ಗೇಟಿನ ಎದುರು ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಉತ್ತರಗಳು ಉದ್ದವಾಗಿವೆ. ಅಲ್ಲಿ ನನ್ನ ಬಾಯಿಗೆ ಬೀಗ ಹಾಕಲು ಯಾರೂ ಇರಲಿಲ್ಲ.

ಯಾವ ಎಂಜಿನ್‌ಗಳ ಮಾತು ಇದು?

ಹೆಚ್ಚಾಗಿ ಡಬ್ಲ್ಯುಡಿಎಂ-2 ಮತ್ತು ಅದರ ವಂಶದವು. 1962ರಲ್ಲಿ ಅಮೆರಿಕದಿಂದ ಹಡಗೇರಿ ಬಂದ ಈ ಎಂಜಿನ್ 2600 ಅಶ್ವಶಕ್ತಿಯದು, ಹದಿನಾರು ಸಿಲಿಂಡರಿನದು, ತೂಕ ಸುಮಾರು 113 ಟನ್. ಆಮೇಲೆ ವಾರಾಣಸಿಯ ಡೀಸೆಲ್ ಎಂಜಿನ್ ಕಾರ್ಖಾನೆಯಲ್ಲಿಯೇ ಜೋಡಣೆ ಆರಂಭವಾಯಿತು. ಅಲ್ಲಿ ಸಿದ್ಧವಾದ ಮೊದಲ ಎಂಜಿನ್ನಿನ ಸಂಖ್ಯೆ 18233, ಹೆಸರು ಕುಂದನ್. 1964ರ ಜನವರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದನ್ನು ದೇಶಕ್ಕೆ ಅರ್ಪಿಸಿದರು. ಅಲ್ಲಿಂದ 1990ರ ದಶಕದ ಕೊನೆಯವರೆಗೆ ಈ ಮಾದರಿಯ ಎರಡೂವರೆ ಸಾವಿರಕ್ಕೂ ಹೆಚ್ಚು ಎಂಜಿನ್‌ಗಳು ತಯಾರಾದವು.

ಇದರ ತಮ್ಮಂದಿರೂ ಲೆಕ್ಕಕ್ಕೆ ಸೇರುತ್ತಾರೆ. 3100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ, ಗೂಡ್ಸ್ ಕೆಲಸಕ್ಕೆಂದೇ 1995ರಲ್ಲಿ ಬಂದ ಡಬ್ಲ್ಯುಡಿಜಿ-3ಎ, ಮೀಟರ್ ಗೇಜಿನಲ್ಲಿ ಓಡಿದ ಪುಟ್ಟ ವೈಡಿಎಂ-4. ಇವನ್ನೆಲ್ಲ ಒಟ್ಟಾಗಿ ನಾವು ‘ಆಲ್ಕೋ’ ಎಂದು ಕರೆಯುತ್ತೇವೆ.

ಆಲ್ಕೋ ಎಂದರೆ?

ಅಮೆರಿಕನ್ ಲೋಕೋಮೋಟಿವ್ ಕಂಪನಿ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಅದರ ಊರು. 1901ರಲ್ಲಿ ಹುಟ್ಟಿ ಹಬೆ ಎಂಜಿನ್‌ಗಳಲ್ಲಿ ಹೆಸರು ಮಾಡಿದ ಕಂಪನಿ ಡೀಸೆಲ್ ಕಾಲದಲ್ಲಿ ಜನರಲ್ ಮೋಟಾರ್ಸ್ ಎದುರು ಸೋತು, 1969ರಲ್ಲಿ ಎಂಜಿನ್ ತಯಾರಿಕೆ ನಿಲ್ಲಿಸಿತು. ಕಥೆಯ ಸ್ವಾರಸ್ಯ ಇರುವುದು ಇಲ್ಲಿಯೇ. ತನ್ನ ತವರಿನಲ್ಲಿ ಬಾಗಿಲು ಮುಚ್ಚಿದ ಕಂಪನಿಯ ಎಂಜಿನ್ ನಮ್ಮಲ್ಲಿ ಮತ್ತೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ತಯಾರಾಗುತ್ತಲೇ ಹೋಯಿತು.

1962ರಲ್ಲಿ ಜನರಲ್ ಮೋಟಾರ್ಸ್ ಕೂಡ ಡಬ್ಲ್ಯುಡಿಎಂ-4 ಎಂಬ ತನ್ನ ಎಂಜಿನ್ನನ್ನು ಇಲ್ಲಿಗೆ ಕಳಿಸಿತ್ತು. ಕೆಲವು ವಿಷಯಗಳಲ್ಲಿ ಅದೇ ಮೇಲು ಎಂದು ಬಲ್ಲವರು ಹೇಳುತ್ತಾರೆ. ಆದರೆ ತಂತ್ರಜ್ಞಾನವನ್ನು ಬಿಟ್ಟುಕೊಡಲು ಒಪ್ಪಿದ್ದು ಆಲ್ಕೋ. ಸೊಸೆ ಚೆಲುವೆಯಾಗಿದ್ದರೆ ಸಾಲದು, ಮನೆಗೆ ಹೊಂದಿಕೊಳ್ಳಬೇಕು ಎಂಬ ಲೆಕ್ಕಾಚಾರ.

ಈ ವಂಶದ ಡೀಸೆಲ್ ಯಂತ್ರದ ಹೆಸರು 251. ಅಪೊಲೊ ರಾಕೆಟ್‌ಗಳನ್ನು ಉಡಾವಣಾ ಕಟ್ಟೆಗೆ ಹೊತ್ತೊಯ್ದ ನಾಸಾದ ದೈತ್ಯ ಕ್ರಾಲರ್ ವಾಹನಕ್ಕೂ ಇದೇ 251ರ ಹದಿನಾರು ಸಿಲಿಂಡರಿನ ಯಂತ್ರವನ್ನು ಕೂರಿಸಿದ್ದರು. ಒಬ್ಬ ಅಣ್ಣ ಚಂದ್ರಯಾತ್ರೆಗೆ ಹೆಗಲು ಕೊಟ್ಟ, ಇನ್ನೊಬ್ಬ ತೋರಣಗಲ್ಲಿನ ಅದಿರು ಹೊತ್ತ.

ಹಬೆ ಎಂಜಿನ್ ಮೇಲಿನ ಮೋಹ ಅರ್ಥವಾಗುತ್ತದೆ. ಡೀಸೆಲ್ ಮೇಲೆ ಯಾಕೆ?

ಹಬೆ ಎಂಜಿನ್ನನ್ನು ಪ್ರೀತಿಸಿದ ಹಿರಿಯರು ಡೀಸೆಲ್ಲನ್ನು ‘ತಗಡಿನ ಡಬ್ಬಿ’ ಎಂದು ಬೈಯುತ್ತಿದ್ದರು. ಈಗ ನಾವು ವಿದ್ಯುತ್ ಎಂಜಿನ್ನನ್ನು ನೋಡಿ ಅದೇ ಮಾತು ಆಡುತ್ತೇವೆ. ಚಿಕ್ಕಂದಿನಲ್ಲಿ ಯಾವ ಎಂಜಿನ್ ಕಿವಿಗೆ ಬಿದ್ದಿತೋ ಅದೇ ನಿಜವಾದ ಎಂಜಿನ್ ಎನ್ನುವುದು ಎಲ್ಲ ತಲೆಮಾರಿನ ರೋಗ. ನನ್ನ ತಲೆಮಾರಿಗೆ ಹಬೆ ಎಂಜಿನ್ ಎಂದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹತ್ತಿ ಇಳಿಯುವ ವಸ್ತು. ಜೀವಂತ ಎಂಜಿನ್ ಎಂದರೆ ಡೀಸೆಲ್.

ಇಷ್ಟೇ ಆಗಿದ್ದರೆ ಇದು ಬಾಲ್ಯದ ಹಳಹಳಿಕೆ, ಪೆಪ್ಪರ್‌ಮಿಂಟಿನ ನೆನಪಿನ ಹಾಗೆ. ಇನ್ನೊಂದು ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ. ಆಲ್ಕೋ ಎಂಜಿನ್ ತಾನು ಪಡುವ ಕಷ್ಟವನ್ನು ಮುಚ್ಚಿಡುವುದಿಲ್ಲ. ಭಾರ ಹೆಚ್ಚಾದರೆ ನರಳುತ್ತದೆ, ಏರು ಬಂದರೆ ಉಸಿರು ಬಿಡುತ್ತದೆ, ಸಮತಟ್ಟು ಸಿಕ್ಕರೆ ನಿರಾಳವಾಗುತ್ತದೆ. ಹಳಿಯಿಂದ ಅರ್ಧ ಮೈಲಿ ದೂರದ ಮನೆಯಲ್ಲಿ ಕಣ್ಣು ಮುಚ್ಚಿ ಮಲಗಿದವನಿಗೂ ಗಾಡಿ ತುಂಬಿದೆಯೋ ಖಾಲಿಯೋ ಗೊತ್ತಾಗುತ್ತಿತ್ತು. 6000 ಅಶ್ವಶಕ್ತಿಯ ಡಬ್ಲ್ಯುಎಜಿ-9 ವಿದ್ಯುತ್ ಎಂಜಿನ್ ಅದೇ ಭಾರವನ್ನು ಎಳೆದುಕೊಂಡು ಹೋಗುವಾಗ ಗಾಲಿಗಳ ಸದ್ದು ಬಿಟ್ಟರೆ ಹೆಚ್ಚೇನೂ ಕೇಳುವುದಿಲ್ಲ. ಅದು ಒಳ್ಳೆಯದೇ. ಆದರೆ ಒಳ್ಳೆಯದೆಲ್ಲ ನೆನಪಿನಲ್ಲಿ ಉಳಿಯಬೇಕೆಂದು ನಿಯಮವೇನಿಲ್ಲ.

ಆ ಸದ್ದಿನಲ್ಲಿ ಅಂಥದ್ದೇನಿದೆ? ಎಲ್ಲ ಡೀಸೆಲ್ ಎಂಜಿನ್ನೂ ಗುಡುಗುಡು ಎನ್ನುವುದಿಲ್ಲವೇ?

ಈ ಪ್ರಶ್ನೆ ಕೇಳಿದವರನ್ನು ನಾನು ಸುಲಭವಾಗಿ ಬಿಡುವುದಿಲ್ಲ.

ಆಲ್ಕೋ ನಾಲ್ಕು ಹೊಡೆತದ, ಅಂದರೆ ಫೋರ್ ಸ್ಟ್ರೋಕ್ ಯಂತ್ರ. ಒಂದು ಸಿಲಿಂಡರಿನಲ್ಲಿ ಇಂಧನ ಸಿಡಿಯುವುದು ಎರಡು ಸುತ್ತಿಗೆ ಒಮ್ಮೆ. ಸುಮ್ಮನೆ ನಿಂತಾಗ ಡಬ್ಲ್ಯುಡಿಎಂ-2 ನಿಮಿಷಕ್ಕೆ 400 ಸುತ್ತು ತಿರುಗುತ್ತದೆ; ಹದಿನಾರು ಸಿಲಿಂಡರ್ ಸೇರಿ ಸೆಕೆಂಡಿಗೆ ಸುಮಾರು 53 ಸಿಡಿತ. ಅದೂ ಸಮನಾಗಿ ಕೇಳುವುದಿಲ್ಲ. ಕುಂಟುವ ಕುದುರೆಯೊಂದು ನಿಂತಲ್ಲೇ ಗೊರಸು ಬಡಿಯುವ ಹಾಗೆ ನಡುನಡುವೆ ಒಂದು ತೂಕಡಿಕೆ, ಮತ್ತೆ ಒಂದು ಎಚ್ಚರ. ಆರು ಸಿಲಿಂಡರಿನ ವೈಡಿಎಂ-4 ಇದಕ್ಕಿಂತ ಸ್ಪಷ್ಟ: ಅದೇ 400 ಸುತ್ತಿಗೆ ಸೆಕೆಂಡಿಗೆ 20 ಸಿಡಿತ, ಒಂದೊಂದನ್ನೂ ಕಿವಿ ಬಿಡಿಸಿಕೊಳ್ಳಬಲ್ಲದು.

ಇನ್ನು ಗಾಡಿ ಹೊರಡುವ ಹೊತ್ತು. ಡ್ರೈವರ್ ಮುಂದಿರುವ, ಶಕ್ತಿ ಏರಿಸುವ ಹಿಡಿಕೆಗೆ ಎಂಟು ನಾಚ್, ಅಂದರೆ ಎಂಟು ಹಂತ. ಮೊದಲ ನಾಚ್ ಹಾಕಿದಾಗ ಸದ್ದಿನಲ್ಲಿ ಹೆಚ್ಚು ಬದಲಾವಣೆ ಇರುವುದಿಲ್ಲ, ಎಂಜಿನ್ ಒಮ್ಮೆ ಮೈ ಬಿಗಿ ಹಿಡಿಯುತ್ತದೆ ಅಷ್ಟೇ. ಎಂಜಿನ್ನಿನ ಹಿಂದಿನ ಕೊಂಡಿ ಬಿಗಿಯುತ್ತದೆ, ‘ಟಣ್’. ಎರಡನೆಯ ವ್ಯಾಗನ್ನಿನದು, ‘ಟಣ್’. ಆ ಸದ್ದು ಐವತ್ತೆಂಟು ವ್ಯಾಗನ್‌ಗಳ ಉದ್ದಕ್ಕೂ ಹರಿದು, ಪ್ಲಾಟ್‌ಫಾರ್ಮಿನ ಆಚೆ ತುದಿಯ ಕತ್ತಲಲ್ಲಿ ಮುಗಿಯುತ್ತದೆ. ನಂತರ ಎರಡು, ಮೂರು, ನಾಲ್ಕನೆಯ ನಾಚ್. ಪ್ರತಿ ನಾಚಿಗೂ ಸದ್ದು ಒಂದು ಮೆಟ್ಟಿಲು ಹತ್ತಿ ನಿಂತು, ಅಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಟರ್ಬೋದ ಸಿಳ್ಳೆ ಸೇರಿಕೊಂಡು, ಮತ್ತೊಂದು ಮೆಟ್ಟಿಲು. ಎಂಟನೆಯದಕ್ಕೆ ಬಂದಾಗ ನಿಮಿಷಕ್ಕೆ 1000 ಸುತ್ತು. ಸ್ಟೇಷನ್ ಮಾಸ್ಟರ್ ಮೇಜಿನ ಮೇಲಿನ ಸ್ಟೀಲ್ ಲೋಟ ಸಣ್ಣಗೆ ನಡುಗುವುದನ್ನು ನಾನು ನೋಡಿದ್ದೇನೆ.

ಜನರಲ್ ಮೋಟಾರ್ಸ್ ಮೂಲದ ಹೊಸ ಎಂಜಿನ್‌ಗಳು ಎರಡು ಹೊಡೆತದವು, ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರ್ ಸಿಡಿಯುತ್ತದೆ. ಪೂರ್ತಿ ವೇಗದಲ್ಲಿ ಸೆಕೆಂಡಿಗೆ 240ರ ಆಸುಪಾಸು, ಆಲ್ಕೋಗೆ 133. ಹಾಗಾಗಿ ಅಲ್ಲಿ ಕೇಳುವುದು ಒಂದೇ ಎಳೆಯ ಗರ್ಜನೆ, ಇಲ್ಲಿ ಬಿಡಿ ಬಿಡಿ ಏಟುಗಳು. ಒಂದು ತಂಬೂರಿ, ಇನ್ನೊಂದು ಡೊಳ್ಳು. ನಾನು ಡೊಳ್ಳಿನ ಕಡೆಯವನು.

ಅಷ್ಟೊಂದು ಕಪ್ಪು ಹೊಗೆ ಯಾಕೆ ಬರುತ್ತಿತ್ತು? ಎಂಜಿನ್ ಕೆಟ್ಟಿರುತ್ತಿತ್ತೇ?

ಬಹಳ ಸಲ ಕೆಟ್ಟಿರುತ್ತಿರಲಿಲ್ಲ. ಆಲ್ಕೋ ಎಂಜಿನ್ನಿನ ಟರ್ಬೋ ತಿರುಗುವುದು ಅದೇ ಯಂತ್ರ ಹೊರಬಿಡುವ ಬಿಸಿ ಹೊಗೆಯ ಬಲದಿಂದ. ಡ್ರೈವರ್ ನಾಚ್ ಏರಿಸಿದ ಕೂಡಲೇ ಸಿಲಿಂಡರಿಗೆ ಹೆಚ್ಚು ಡೀಸೆಲ್ ಹೋಗುತ್ತದೆ, ಆದರೆ ಟರ್ಬೋ ವೇಗ ಹಿಡಿದು ಹೆಚ್ಚು ಗಾಳಿ ಕೊಡಲು ಕೆಲವು ಕ್ಷಣ ಬೇಕು. ಆ ನಡುವಿನ ಅವಧಿಯಲ್ಲಿ ಊಟ ಬಂದಿದೆ, ಉಸಿರು ಬಂದಿಲ್ಲ. ಉರಿಯದೆ ಉಳಿದದ್ದು ಕಪ್ಪಾಗಿ ಮೇಲೆ ಹೋಗುತ್ತದೆ. ಎರಡು ಹೊಡೆತದ ಹೊಸ ಎಂಜಿನ್‌ನಲ್ಲಿ ಕಡಿಮೆ ವೇಗವಿರುವಾಗ ಟರ್ಬೋವನ್ನು ಗಿಯರ್ ಮೂಲಕ ತಿರುಗಿಸುತ್ತಾರೆ, ಆದ್ದರಿಂದ ಈ ಅವಾಂತರ ಕಡಿಮೆ.

ನಮ್ಮವರು ಈ ಹೊಗೆಯ ಫೋಟೊಗಳನ್ನು ಗೋಡೆಗೆ ಹಾಕಿಕೊಳ್ಳುತ್ತಾರೆ. ಹಳಿಯ ಪಕ್ಕದ ಮನೆಯ ಗೋಡೆಗೆ ಅದು ತಾನಾಗಿಯೇ ಅಂಟಿರುತ್ತಿತ್ತು.

ಪ್ರಯಾಣಿಕರ ರೈಲುಗಳನ್ನು ಬಿಟ್ಟು ಗೂಡ್ಸ್ ಗಾಡಿಯೇ ಯಾಕೆ?

ಗೂಡ್ಸ್‌ಗೆ ನಮಗೆ ಗೊತ್ತಾಗುವಂಥ ವೇಳಾಪಟ್ಟಿ ಇಲ್ಲ. ಬಂದಾಗ ಬಂತು. ಎಕ್ಸ್‌ಪ್ರೆಸ್ ರೈಲನ್ನು ನೋಡಲು ಹೋಗುವುದು ನೆಂಟರನ್ನು ಎದುರುಗೊಳ್ಳಲು ಹೋದ ಹಾಗೆ. ಗೂಡ್ಸ್ ನೋಡುವುದು ಕೆರೆದಂಡೆಯಲ್ಲಿ ಹಕ್ಕಿಗಾಗಿ ಕಾದ ಹಾಗೆ. ಸಿಗ್ನಲ್ ಬಣ್ಣ ಬದಲಾದರೆ ಎದೆ ಹೊಡೆದುಕೊಳ್ಳುತ್ತದೆ. ಬಂದದ್ದು ಹಿಂದೆ ವ್ಯಾಗನ್ನೇ ಇಲ್ಲದ ಬರಿಯ ಲೈಟ್ ಎಂಜಿನ್ ಆಗಿರಲೂಬಹುದು.

ಎಣಿಸುವ ಸುಖವೂ ಇದೆ. ನಾನು ಬೆಳೆದದ್ದು ಹೊಸಪೇಟೆಯಲ್ಲಿ. ಗೇಟು ಬಿದ್ದರೆ ಸೈಕಲ್ ನಿಲ್ಲಿಸಿ ನಿಂತವರೆಲ್ಲ ಬಾಯಲ್ಲಿ ಎಣಿಸುತ್ತಿದ್ದರು. ಬಾಕ್ಸ್-ಎನ್ ಎಂಬ ತೆರೆದ ಉಕ್ಕಿನ ವ್ಯಾಗನ್, ಒಂದೊಂದು 10.7 ಮೀಟರ್ ಉದ್ದ, ತುಂಬಿದರೆ 81 ಟನ್ ಚಿಲ್ಲರೆ. ಐವತ್ತೆಂಟು ಬರಬೇಕು. ನನಗೆ ಒಮ್ಮೆ ಐವತ್ತೇಳು, ಪಕ್ಕದ ತರಕಾರಿಯವರಿಗೆ ಅರವತ್ತು ಬಂದು, ಗೇಟು ಎದ್ದ ಮೇಲೂ ವಾದ ಮುಗಿಯದೆ ಹಿಂದಿನ ಲಾರಿಯವನು ಇಬ್ಬರಿಗೂ ಸೇರಿಸಿ ಬೈದಿದ್ದ.

ಅದಿರಿನ ಭರಾಟೆಯ ವರ್ಷಗಳಲ್ಲಿ ಒಂದರ ಹಿಂದೆ ಒಂದು ಗಾಡಿ. ಅಂಗಳದಲ್ಲಿ ಒಣಗಿಸಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು, 2011ರ ಜುಲೈಯಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಗೇಟು ಬೀಳುವುದು ಕಡಿಮೆಯಾಯಿತು. ಊರಿಗೆ ಅದರಿಂದ ಒಳಿತಾಯಿತು ಎಂದು ತಲೆಗೆ ಗೊತ್ತು. ಕಿವಿಗೆ ಮಾತ್ರ ಅದು ಗೊತ್ತಾಗಲು ಬಹಳ ದಿನ ಹಿಡಿಯಿತು.

ಎಲ್ಲರೂ ಕ್ಯಾಸಲ್‌ರಾಕ್ ಘಾಟ್ ಎನ್ನುತ್ತಾರಲ್ಲ, ಅಲ್ಲಿ ವಿಶೇಷವೇನು?

ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗಿನ 26 ಕಿಲೋಮೀಟರ್. ಹಳೆಯ ದಾಖಲೆಗಳಲ್ಲಿ ಬ್ರಗಾಂಜಾ ಘಾಟ್. ದೂಧಸಾಗರ ಜಲಪಾತದ ಎದುರು ಹಾದುಹೋಗುವ ಹಳಿ ಇದೇ. ಪೋರ್ಚುಗೀಸರ ಕಾಲದಲ್ಲಿ ಮೀಟರ್ ಗೇಜ್ ಆಗಿ ಹುಟ್ಟಿ, 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಏರು 37ಕ್ಕೆ 1, ಅಂದರೆ ಪ್ರತಿ 37 ಮೀಟರ್ ಸಾಗಿದರೆ ಒಂದು ಮೀಟರ್ ಮೇಲೆ.

ಕೇಳಲು ಇದು ಏನೂ ಅಲ್ಲ ಎನ್ನಿಸುತ್ತದೆ. ಮನೆಯ ಮುಂದೆ ಸ್ಕೂಟರ್ ಹತ್ತಿಸಲು ಹಾಕಿದ ಇಳಿಜಾರು ಇದಕ್ಕಿಂತ ಕಡಿದು. ಲೆಕ್ಕ ಹಾಕಿ ನೋಡಿ. ಐವತ್ತೆಂಟು ವ್ಯಾಗನ್ ಸೇರಿದರೆ ಸುಮಾರು 620 ಮೀಟರ್ ಉದ್ದ. ಆ ಇಳಿಜಾರಿನ ಮೇಲೆ ನಿಂತಾಗ ಗಾಡಿಯ ತಲೆಗೂ ಬಾಲಕ್ಕೂ ಹದಿನಾರು ಹದಿನೇಳು ಮೀಟರ್ ಎತ್ತರದ ವ್ಯತ್ಯಾಸ, ಐದಂತಸ್ತಿನ ಕಟ್ಟಡದಷ್ಟು. ತುಂಬಿದ ಗಾಡಿಯ ತೂಕ 4700 ಟನ್. ಅದರ ಮೂವತ್ತೇಳನೆಯ ಒಂದು ಭಾಗ, ಅಂದರೆ 127 ಟನ್ ಬಲ, ಗಾಡಿಯನ್ನು ಸದಾ ಹಿಂದಕ್ಕೆ ಜಗ್ಗುತ್ತಿರುತ್ತದೆ. ಒಂದು ಡಬ್ಲ್ಯುಡಿಎಂ-2 ಹೊರಡುವಾಗ ಎಳೆಯಬಲ್ಲದ್ದು ಹೆಚ್ಚೆಂದರೆ 30 ಟನ್ ಬಲದಲ್ಲಿ, ಡಬ್ಲ್ಯುಡಿಜಿ-3ಎ ಸುಮಾರು 38ರಲ್ಲಿ. ಉಕ್ಕಿನ ಗಾಲಿ, ಉಕ್ಕಿನ ಹಳಿ, ಮೇಲೆ ಜುಲೈ ತಿಂಗಳ ಮಲೆನಾಡಿನ ಮಳೆ.

ಆದ್ದರಿಂದ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್‌ಗಳು. ಮುರ್ಮುಗೋವಾ ಬಂದರಿನಿಂದ ಕಲ್ಲಿದ್ದಲು ಹೊತ್ತು ಮೇಲೇರುವ ಗಾಡಿಗಳಿಗೆ ಮುಂದೆಯೂ ಎಂಜಿನ್, ಹಿಂದೆಯೂ ಎಂಜಿನ್. ನೀವು ಕಾಡಿನ ಒಂದು ತಿರುವಿನಲ್ಲಿ ನಿಂತಿದ್ದೀರಿ ಎನ್ನಿ. ಮೊದಲು ಕಣಿವೆಯ ತಳದಲ್ಲಿ ಎಲ್ಲೋ ಒಂದು ಗುನುಗು. ಹತ್ತು ನಿಮಿಷವಾದರೂ ಅದು ಹತ್ತಿರ ಬರುವುದಿಲ್ಲ, ಕಣಿವೆಯೊಳಗೆ ಸುತ್ತುತ್ತದೆ. ಸುರಂಗದೊಳಗೆ ಹೋದಾಗ ಸದ್ದು ಪೂರ್ತಿ ನಿಂತು, ಕಪ್ಪೆ ಮತ್ತು ಮಳೆ ಮಾತ್ರ ಉಳಿಯುತ್ತವೆ. ಆಮೇಲೆ ಸುರಂಗದ ಬಾಯಿಯಿಂದ ಮೊದಲು ಹೊಗೆ, ನಂತರ ದೀಪ, ಆಮೇಲೆ ಮನುಷ್ಯ ನಡೆಯುವುದಕ್ಕಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ಎಂಜಿನ್. ವ್ಯಾಗನ್‌ಗಳು ಒಂದೊಂದಾಗಿ ಕಿರುಗುಟ್ಟುತ್ತ ಹೋಗಿ, ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಹಿಂದಿನಿಂದ ಬ್ಯಾಂಕರ್‌ಗಳ ಅಬ್ಬರ ಎರಡನೆಯ ಸಲ ಬಂದು ಎದೆಗೆ ಬಡಿಯುತ್ತದೆ.

ಅದಿರು ಹೊತ್ತು ಕೆಳಗಿಳಿಯುವ ಗಾಡಿಯದು ಬೇರೆ ರಾಗ. ಇಳಿಯುವಾಗ ಗಾಲಿ ತಿರುಗಿಸುವ ಮೋಟರ್‌ಗಳೇ ಜನರೇಟರ್ ಆಗಿ, ಹುಟ್ಟಿದ ವಿದ್ಯುತ್ತನ್ನು ಎಂಜಿನ್ ಮೇಲಿನ ಜಾಲರಿಯಲ್ಲಿ ಶಾಖವಾಗಿ ಸುಡುತ್ತವೆ. ಇದು ಡೈನಮಿಕ್ ಬ್ರೇಕ್. ಜಾಲರಿ ತಣಿಸುವ ಫ್ಯಾನು ಊಳಿಡುವ ಸದ್ದು ಮೊದಲ ಸಲ ಕೇಳಿದವರು ಹೆದರಿಕೊಳ್ಳುತ್ತಾರೆ.

ಸಕಲೇಶಪುರದ ಘಾಟ್?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ, 109 ಸೇತುವೆ, ಏರು 50ಕ್ಕೆ 1. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜಿನಲ್ಲಿ ಆರಂಭವಾದಾಗ ವೈಡಿಎಂ-4 ಕಾಲ. ಬ್ರಾಡ್‌ಗೇಜ್ ಆದ ಮೇಲೆ 2006ರಲ್ಲಿ ಮೊದಲು ಓಡಿದ್ದು ಗೂಡ್ಸ್ ಗಾಡಿಗಳು, ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಘಾಟಿಗೆ ಮೊದಲು ಹೆಜ್ಜೆ ಇಟ್ಟದ್ದು ಗೂಡ್ಸ್ ಎಂಬುದು ನಮ್ಮಂಥವರಿಗೆ ಸಣ್ಣ ಹೆಮ್ಮೆ.

ಎಂಜಿನ್ ಮೇಲಿನ ಅಕ್ಷರಗಳನ್ನು ಓದುವುದು ಹೇಗೆ?

ಮೊದಲ ಅಕ್ಷರ ಗೇಜ್: ಡಬ್ಲ್ಯು ಬ್ರಾಡ್‌ಗೇಜ್, ವೈ ಮೀಟರ್ ಗೇಜ್, ಝಡ್ ನ್ಯಾರೋ ಗೇಜ್. ಎರಡನೆಯದು ಡಿ ಆಗಿದ್ದರೆ ಡೀಸೆಲ್. ಮೂರನೆಯದು ಕೆಲಸ: ಜಿ ಗೂಡ್ಸ್, ಪಿ ಪ್ರಯಾಣಿಕರದು, ಎಂ ಎರಡಕ್ಕೂ, ಎಸ್ ಶಂಟಿಂಗ್. ಬದಿಯಲ್ಲಿ ಐದಂಕಿ ಸಂಖ್ಯೆ. 17 ಅಥವಾ 18ರಿಂದ ಶುರುವಾದರೆ ಬಹುತೇಕ ಡಬ್ಲ್ಯುಡಿಎಂ-2, 13 ಆದರೆ ಡಬ್ಲ್ಯುಡಿಜಿ-3ಎ, 12 ಆದರೆ ಡಬ್ಲ್ಯುಡಿಜಿ-4. ಪಕ್ಕದಲ್ಲೇ ಆ ಎಂಜಿನ್ನನ್ನು ನೋಡಿಕೊಳ್ಳುವ ಶೆಡ್‌ನ ಸಂಕೇತ: ಹುಬ್ಬಳ್ಳಿಗೆ ಯುಬಿಎಲ್, ಕೃಷ್ಣರಾಜಪುರಕ್ಕೆ ಕೆಜೆಎಂ, ಗುಂತಕಲ್ಲಿಗೆ ಜಿಟಿಎಲ್, ಗುತ್ತಿಗೆ ಜಿವೈ.

ಎಂಜಿನ್ ಎಲ್ಲಿಗೇ ಹೋಗಲಿ, ಅದರ ಮನೆ ಶೆಡ್. ಹುಬ್ಬಳ್ಳಿಯಲ್ಲಿ ನಿಂತು ದೂರದ ಶೆಡ್‌ನ ಸಂಕೇತ ಕಂಡರೆ, ಸಂತೆಯಲ್ಲಿ ಹೊರ ರಾಜ್ಯದ ನಂಬರಿನ ಲಾರಿ ಕಂಡ ಹುಡುಗರ ಹಾಗೆ ನಾವೂ ಕುಣಿಯುತ್ತಿದ್ದೆವು.

ಕೆಲವು ಫೋಟೊಗಳಲ್ಲಿ ಎಂಜಿನ್ ಹಿಮ್ಮುಖವಾಗಿ ಓಡುತ್ತಿರುವಂತೆ ಕಾಣುತ್ತದೆ. ಯಾಕೆ?

ಇವುಗಳಿಗೆ ಒಂದೇ ಕ್ಯಾಬ್, ಅದೂ ಒಂದು ತುದಿಯಲ್ಲಿ. ಉದ್ದ ಮೂತಿ ಮುಂದಾಗಿ ಓಡಿದರೆ ಡ್ರೈವರ್ ಎದುರಿಗೆ ಇಡೀ ಎಂಜಿನ್ನಿನ ಉದ್ದ ಅಡ್ಡ ನಿಂತಿರುತ್ತದೆ. ತನ್ನ ಬದಿಯ ಕಿಟಕಿಯಿಂದ ಕಾಣುವಷ್ಟೇ ದಾರಿ. ಎದುರು ಬದಿಯ ತಿರುವಿನ ಸಿಗ್ನಲ್ಲನ್ನು ಸಹಾಯಕ ಡ್ರೈವರ್ ನೋಡಿ ಕೂಗಿ ಹೇಳಬೇಕು. ಈ ಕಷ್ಟ ತಗ್ಗಿಸಲು ಕಿಟಕಿ ದೊಡ್ಡದು ಮಾಡಿ, ಗಿಡ್ಡ ಮೂತಿಯನ್ನು ಇನ್ನೂ ತಗ್ಗಿಸಿದ ಒಂದಿಷ್ಟು ಡಬ್ಲ್ಯುಡಿಎಂ-2 ತಯಾರಾದವು; ಅವಕ್ಕೆ ಜಂಬೋ ಎಂದು ಹೆಸರು. ಅಭಿಮಾನಿಗಳಿಗೆ ಉದ್ದ ಮೂತಿ ಮುಂದಾದ ಫೋಟೊ ಇಷ್ಟ. ಒಳಗೆ ಕೂತವರಿಗೆ ಅದು ಇಷ್ಟವಿತ್ತು ಎಂದು ನನಗೆ ಯಾರೂ ಹೇಳಿಲ್ಲ.

ಇವನ್ನು ಓಡಿಸಿದವರಿಗೂ ಈ ಹಳಹಳಿಕೆ ಇದೆಯೇ?

ನನ್ನ ಸೋದರಮಾವ ಗೂಡ್ಸ್ ಡ್ರೈವರ್ ಆಗಿದ್ದವರು. ಆಗ ಲೋಕೊ ಪೈಲಟ್ ಎಂಬ ಮಾತು ಬಂದಿರಲಿಲ್ಲ. ನಿವೃತ್ತರಾಗಿ ಹುಬ್ಬಳ್ಳಿಯಲ್ಲಿ ಇದ್ದಾಗ ಒಂದು ಭಾನುವಾರ ನಾನು ಬಲು ಉತ್ಸಾಹದಿಂದ ಘಾಟಿನಲ್ಲಿ ಧ್ವನಿಮುದ್ರಿಸಿಕೊಂಡ ಏಳು ನಿಮಿಷದ ಆಲ್ಕೋ ಸದ್ದನ್ನು ಅವರಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ನನಗೆ ಹಿಗ್ಗು, ಮಾವನಿಗೆ ಹಳೆಯದೆಲ್ಲ ನೆನಪಾಗುತ್ತಿದೆ ಎಂದು. ನಾಲ್ಕನೆಯ ನಿಮಿಷಕ್ಕೆ ಅವರ ಬಲಗಾಲು ಚಾಪೆಯನ್ನು ಒತ್ತಿತು. ಮತ್ತೆ ಒತ್ತಿತು.

“ಗಾಲಿ ಜಾರುತ್ತಿದೆ ಅಳಿಯ, ಕೇಳಿಸುತ್ತಿಲ್ಲವೇ? ಮರಳು ಹಾಕಬೇಕು” ಎಂದರು.

ಎಂಜಿನ್ನಿನಲ್ಲಿ ಗಾಲಿಯ ಮುಂದೆ ಹಳಿಗೆ ಮರಳು ಸುರಿಯಲು ಕಾಲ ಬಳಿ ಒಂದು ಪೆಡಲ್ ಇರುತ್ತದೆ. ನನಗೆ ಸಂಗೀತವಾಗಿ ಕೇಳಿಸಿದ ಆ ಏರಿಳಿತ ಅವರಿಗೆ ತೊಂದರೆಯ ಸೂಚನೆ. ಮಳೆಯಲ್ಲಿ, ಏರಿನಲ್ಲಿ, ಹಿಂದೆ ನಾಲ್ಕು ಸಾವಿರ ಟನ್ ಇಟ್ಟುಕೊಂಡು ಗಾಡಿ ನಿಂತುಹೋದರೆ ಏನಾಗುತ್ತದೆ ಎಂದು ಬಲ್ಲ ಕಿವಿ ಅದು.

ಆ ಕೆಲಸದಲ್ಲಿ ಏನೇನಿತ್ತು ಎಂದು ಅವರು ಹೇಳುತ್ತಿದ್ದರು. ರಾತ್ರಿ ಎರಡು ಗಂಟೆಗೆ ಪುಸ್ತಕ ಹಿಡಿದು ಬಾಗಿಲು ಬಡಿಯುವ ಕಾಲ್ ಬಾಯ್. ಸಹಿ ಹಾಕಿದರೆ ಡ್ಯೂಟಿ. ಕಬ್ಬಿಣದ ಲೈನ್ ಬಾಕ್ಸ್‌ನಲ್ಲಿ ಎರಡು ಜೊತೆ ಬಟ್ಟೆ, ಅಕ್ಕಿ, ಬೇಳೆ, ಬಾವುಟ, ಅಪಾಯ ಸೂಚಿಸಲು ಹಳಿಯ ಮೇಲಿಡುವ ಪಟಾಕಿಯಂಥ ಡೆಟೊನೇಟರ್. ಒಂಟಿ ಹಳಿಯಲ್ಲಿ ಓಡುವ ಎಂಜಿನ್‌ನಿಂದ ಬಾಗಿ ಮುಂದೆ ಹೋಗಲು ಅನುಮತಿಯ ಗುರುತಾದ, ಬೆತ್ತದ ಬಳೆಯಲ್ಲಿನ ಟೋಕನ್ ಕಸಿದುಕೊಳ್ಳುವಾಗ ಮೊಣಕೈಗೆ ಬಿದ್ದ ಏಟು. ಶೌಚಾಲಯವಿಲ್ಲದ ಕ್ಯಾಬ್. ಬೇರೆ ಗಾಡಿಯನ್ನು ದಾಟಿಸಲೆಂದು ಪಕ್ಕದ ಲೂಪ್ ಹಳಿಯಲ್ಲಿ ನಿಲ್ಲಿಸಿದರೆ ಎಷ್ಟು ಗಂಟೆಯೋ ದೇವರೇ ಬಲ್ಲ. ಬೇಸಿಗೆಯಲ್ಲಿ ರಾಯಚೂರು ಕಡೆಯ ಬಿಸಿಲು ಹೊರಗೆ, ಹದಿನಾರು ಸಿಲಿಂಡರ್ ಬೆನ್ನಿಗೆ. ಕೊನೆಗೆ ಉಳಿದದ್ದು ಅರ್ಧ ಕೇಳುವ ಎಡಗಿವಿ.

“ನೀನು ಕೇಳಿ ಮನೆಗೆ ಹೋಗುತ್ತಿದ್ದೆ, ನಾವು ಅದರೊಳಗೆ ಕೂತಿರುತ್ತಿದ್ದೆವು” ಎಂದು ಒಮ್ಮೆ ಹೇಳಿದರು. ಬೇಸರದಿಂದಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ. ಅಂದಿನಿಂದ ನಾನು ‘ಆ ಕಾಲವೇ ಚೆನ್ನಾಗಿತ್ತು’ ಎನ್ನುವುದನ್ನು ಬಿಟ್ಟಿದ್ದೇನೆ. ಆ ಸದ್ದು ಚೆನ್ನಾಗಿತ್ತು ಎನ್ನುವುದನ್ನು ಬಿಟ್ಟಿಲ್ಲ.

ಹೊಸ ಡೀಸೆಲ್ ಎಂಜಿನ್‌ಗಳನ್ನು ಕಂಡರೆ ನಿಮಗೆ ಆಗುವುದಿಲ್ಲವೇ?

ಮೊದಮೊದಲು ಆಗುತ್ತಿರಲಿಲ್ಲ. ದೇಶದಲ್ಲೇ ಮೊದಲಿಗೆ, 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಬಂದು ಇಳಿದದ್ದು ಹುಬ್ಬಳ್ಳಿ ಶೆಡ್‌ಗೆ. ಕಡಿಮೆ ಎಣ್ಣೆ ಕುಡಿದು, ಹೆಚ್ಚು ಎಳೆದು, ಕಡಿಮೆ ಕೆಡುವ ಎಂಜಿನ್. ಹೊರಡುವಾಗಿನ ಎಳೆತ 53 ಟನ್ ಆಸುಪಾಸು. ಘಾಟಿಗೆ ಇದೇ ಸರಿ ಎಂದು ಮಾವ ಮೊದಲ ದಿನವೇ ತೀರ್ಪು ಕೊಟ್ಟಿದ್ದರು. ನಾವು ಹುಡುಗರು ಮುಖ ಸಿಂಡರಿಸಿದೆವು. ಈಗ ಅವೂ ಹಳೆಯವಾಗುತ್ತಿವೆ. ಅವುಗಳ ಸದ್ದಿಗಾಗಿ ಕಣ್ಣೀರು ಹಾಕುವ ಇಪ್ಪತ್ತು ವರ್ಷದ ಹುಡುಗರನ್ನು ನೋಡಿ ನನಗೆ ನಗು ಬರುತ್ತದೆ. ನಗುವ ಹಕ್ಕು ನನಗಿಲ್ಲ, ಅದು ಬೇರೆ ಮಾತು.

ಗಾರ್ಡ್ ಡಬ್ಬಿಯ ಬಗ್ಗೆ ಯಾಕೆ ಅಷ್ಟು ಮಾತು?

ಗಾಡಿಯ ಕೊನೆಯಲ್ಲಿ ಕುಲುಕುತ್ತ ಹೋಗುವ ಆ ಪುಟ್ಟ ವರಾಂಡ ಇಲ್ಲದಿದ್ದರೆ ಗೂಡ್ಸ್ ಮುಗಿದ ಹಾಗೆ ಅನ್ನಿಸುವುದೇ ಇಲ್ಲ. ನಾವು ಕೈ ಬೀಸಿದರೆ ಗಾರ್ಡ್ ಸಾಹೇಬರೂ ಬೀಸುತ್ತಿದ್ದರು. ಎಂಜಿನ್ ಕಡೆಯಿಂದ ಈ ಸೌಜನ್ಯ ಅಪರೂಪ. 2022ರ ಜನವರಿಯಿಂದ ಅವರ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ. ಹೆಸರು ದೊಡ್ಡದಾಯಿತು, ಡಬ್ಬಿಯ ಕುಲುಕಾಟ ಅಷ್ಟೇ ಇದೆ.

ಹಾಗಾದರೆ ನೀವು ವಿದ್ಯುದೀಕರಣದ ವಿರೋಧಿಗಳೇ?

ಅಲ್ಲ. ಆಮದು ಮಾಡಿದ ಎಣ್ಣೆ ಸುಟ್ಟು ಗಾಳಿ ಕಪ್ಪು ಮಾಡುವುದು ನಿಂತರೆ ಬೇಡ ಎನ್ನಲು ಯಾರಿಗೂ ಬಾಯಿಲ್ಲ. ಕೊಂಕಣ ರೈಲ್ವೆಯ ಪೂರ್ತಿ ವಿದ್ಯುದೀಕರಣವನ್ನು 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದಾಗ ನಾನೂ ಖುಷಿಪಟ್ಟೆ. ತಂತಿ ಕಂಬ ಅಡ್ಡ ಬಂದು ಫೋಟೊ ಹಾಳಾಗುತ್ತದೆ ಎಂದು ಗೊಣಗಿದ್ದೂ ನಿಜ. ಎರಡೂ ಒಂದೇ ದಿನ.

ಆಲ್ಕೋಗಳು ಹೋಗುವಾಗಲೂ ಒಂದು ಚಮತ್ಕಾರ ಮಾಡಿ ಹೋದವು. ವಾರಾಣಸಿಯ ಕಾರ್ಖಾನೆ ಎರಡು ಡಬ್ಲ್ಯುಡಿಜಿ-3ಎ ಎಂಜಿನ್‌ಗಳನ್ನು ಬಿಚ್ಚಿ, ಜೋಡಿ ವಿದ್ಯುತ್ ಎಂಜಿನ್ ಆಗಿ ಮಾರ್ಪಡಿಸಿತು, 10000 ಅಶ್ವಶಕ್ತಿ. 2019ರ ಫೆಬ್ರುವರಿಯಲ್ಲಿ ಅದಕ್ಕೆ ಹಸಿರು ಬಾವುಟ ತೋರಿಸಿದರು. ನಮ್ಮ ಬಳಗದಲ್ಲಿ ಇದನ್ನು ಪುನರ್ಜನ್ಮ ಎಂದವರೂ ಇದ್ದರು, ಹೆಣಕ್ಕೆ ಶೃಂಗಾರ ಎಂದವರೂ ಇದ್ದರು.

ಈಗ ಆಲ್ಕೋ ಸದ್ದು ಎಲ್ಲಿ ಕೇಳಲು ಸಿಗುತ್ತದೆ?

ನಮ್ಮ ಕಡೆ ದಿನದಿನಕ್ಕೂ ಅಪರೂಪ. ಡೀಸೆಲ್ ಶೆಡ್‌ಗಳಿಗೇ ವಿದ್ಯುತ್ ಎಂಜಿನ್‌ಗಳು ಬಂದು ಸೇರಿವೆ. ಗಡಿಯಾಚೆ ಇನ್ನೂ ಇವೆ: 2020ರ ಜುಲೈಯಲ್ಲಿ ಭಾರತ ಹತ್ತು ಡಬ್ಲ್ಯುಡಿಎಂ-3ಡಿ ಎಂಜಿನ್‌ಗಳನ್ನು ಬಾಂಗ್ಲಾದೇಶಕ್ಕೆ ಹಸ್ತಾಂತರಿಸಿತು. ಶ್ರೀಲಂಕಾದಲ್ಲಿ ವಾರಾಣಸಿಯ ಆಲ್ಕೋಗಳು ಎಂ8 ಎಂಬ ಹೆಸರಿನಲ್ಲಿ ಓಡಿವೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಪೆನ್ಸಿಲ್ವೇನಿಯದ ಸ್ಕ್ರಾಂಟನ್ ಸುತ್ತ ಡೆಲವೇರ್-ಲ್ಯಾಕವಾನಾ ಎಂಬ ಸಣ್ಣ ರೈಲ್ವೆ ಕಂಪನಿ ಆಲ್ಕೋಗಳನ್ನೇ ನೆಚ್ಚಿಕೊಂಡು ಸರಕು ಸಾಗಿಸಿ ಹೆಸರಾಗಿದೆ. ಸ್ಕೆನೆಕ್ಟಡಿ ಅಲ್ಲಿಂದ ಕಾರಿನಲ್ಲಿ ಕೆಲವೇ ಗಂಟೆಯ ದಾರಿ.

ಹಳಿಯ ಹತ್ತಿರ ನಿಂತು ಫೋಟೊ ತೆಗೆಯಬಹುದೇ?

ಹಳಿಯ ಮೇಲೆ, ಸೇತುವೆಯ ಮೇಲೆ, ಸುರಂಗದೊಳಗೆ ಖಂಡಿತ ಬೇಡ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡಕ್ಕಿಂತ ಮುಖ್ಯವಾದದ್ದು, ವಿದ್ಯುತ್ ಎಂಜಿನ್ ಬರುವ ಸದ್ದು ಬಹಳ ತಡವಾಗಿ ಕೇಳಿಸುತ್ತದೆ. ಆಲ್ಕೋ ಕಾಲದ ಕಿವಿಯನ್ನು ನಂಬಿ ಹಳಿಯ ಬದಿಯಲ್ಲಿ ನಿಲ್ಲಬೇಡಿ.

ಸ್ಟೇಷನ್‌ನಲ್ಲಾದರೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಸ್ಟೇಷನ್ ಮಾಸ್ಟರರಿಗೆ ಒಂದು ಮಾತು ಹೇಳಿ. ಒಂದು ಊರಿನಲ್ಲಿ ನನ್ನನ್ನು ಒಂದು ಗಂಟೆ ಕೂರಿಸಿ ವಿಚಾರಿಸಿದರು. “ಗೂಡ್ಸ್ ಫೋಟೊ ತೆಗೆದು ಏನು ಮಾಡುತ್ತೀರಿ?” ಎಂಬ ಅವರ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಬಳಿ ಇರಲಿಲ್ಲ. ಈ ಪುಟ ಬರೆಯಲು ಅದೂ ಒಂದು ಕಾರಣ.

ಮನೆಯಲ್ಲಿ ಹಳೆಯ ರೈಲು ಫೋಟೊಗಳಿವೆ. ಏನು ಮಾಡಲಿ?

ಸ್ಕ್ಯಾನ್ ಮಾಡಿಸಿ, ಆದರೆ ಅದಕ್ಕೂ ಮೊದಲು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂಬದಿಯಲ್ಲಿ ಮೆದು ಪೆನ್ಸಿಲ್‌ನಿಂದ ಬರೆದಿಡಿ: ಊರು, ವರ್ಷ, ಎಂಜಿನ್ ಸಂಖ್ಯೆ, ಶೆಡ್, ನಿಂತಿರುವವರು ಯಾರು, ಗಾಡಿಯಲ್ಲಿ ಏನಿತ್ತು. ಬಾಲ್‌ಪೆನ್ ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ. ಎಂಜಿನ್ ಸಂಖ್ಯೆ ಒಂದು ಸಿಕ್ಕರೆ ಅದು ಯಾವ ವರ್ಷ ಹುಟ್ಟಿತು, ಯಾವ ಶೆಡ್‌ನಲ್ಲಿ ಬೆಳೆಯಿತು ಎಂಬುದನ್ನೆಲ್ಲ ಹುಡುಕಿ ತೆಗೆಯುವ ಹುಚ್ಚರು ಇದ್ದಾರೆ.

ನನ್ನ ಬಳಿ ಮಾವನ ಒಂದೇ ಒಂದು ಫೋಟೊ ಇದೆ. ಎಂಜಿನ್ನಿಗೆ ಒರಗಿ ನಿಂತಿದ್ದಾರೆ, ಕೈಯಲ್ಲಿ ಟಿಫಿನ್ ಡಬ್ಬಿ. ಸಂಖ್ಯೆಯ ಮೊದಲ ಎರಡು ಅಂಕಿ, 17, ಕಾಣುತ್ತವೆ. ಉಳಿದ ಮೂರು ಅವರ ಹೆಗಲ ಹಿಂದೆ. ಯಾವ ಎಂಜಿನ್ ಎಂದು ಹಲವು ಸಲ ಕೇಳಿದೆ. ಅದು ಅವರಿಗೆ ನೆನಪಿರಲಿಲ್ಲ. ಅಂದು ಡ್ರೈವರ್‌ಗಳು ತಂಗುವ ರನ್ನಿಂಗ್ ರೂಮಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂಬುದು ನೆನಪಿತ್ತು.